ಐದು ಮಳೆಗಾಲ ಕಂಡ ಕಾರಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟಗಳಲ್ಲಿ ಹೊಸ ಕಾಂಪ್ಯಾಕ್ಟ್ ಎಸ್‌ಯುವಿಗಳ ಪರಿಚಯ ತಪ್ಪದೆ ಬರುತ್ತದೆ. ಪರದೆ ಎಷ್ಟು ಇಂಚು, ಸನ್‌ರೂಫ್ ಉಂಟೋ ಇಲ್ಲವೋ, ಏರ್‌ಬ್ಯಾಗ್ ಎಷ್ಟು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಅದೇ ಕಾರು ಐದು ಮಳೆಗಾಲ ಕಂಡ ಮೇಲೆ ಹೇಗಿದೆ, ಮನೆಯವರಿಗೆ ಇನ್ನೂ ಅದರ ಮೇಲೆ ಸಮಾಧಾನ ಇದೆಯೇ ಎಂಬುದು ಮಾತ್ರ ಸಿಗುವುದಿಲ್ಲ. ನಮ್ಮ ಕಡೆಯ ಕುಟುಂಬಗಳು ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವುದು ಅಪರೂಪ. ರಸ್ತೆ ತೆರಿಗೆಯನ್ನು ಒಂದೇ ಸಲ ಕಟ್ಟಿ, ಎಂಟು ಹತ್ತು ವರ್ಷ ಓಡಿಸುವ ಲೆಕ್ಕದಲ್ಲೇ ಕೊಳ್ಳುತ್ತಾರೆ. ಅವರಿಗೆ ಬೇಕಾದ ಮಾಹಿತಿ ಮೊದಲ ದಿನದ್ದಲ್ಲ, ಅರವತ್ತು ಸಾವಿರ ಕಿಲೋಮೀಟರ್ ಆದ ಮೇಲಿನದು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಇಂಥ ಕಾರುಗಳನ್ನು ಓಡಿಸುವ, ರಿಪೇರಿ ಮಾಡುವ ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ.

ಈ ವರ್ಗದ ಕಾರುಗಳಿಗೆ ಈಗ ಸಾಕಷ್ಟು ವಯಸ್ಸಾಗಿದೆ. ಫೋರ್ಡ್ ಇಕೋಸ್ಪೋರ್ಟ್ 2013ರಲ್ಲಿ ಬಂತು, ಮಾರುತಿಯ ವಿಟಾರಾ ಬ್ರೆಝಾ 2016ರಲ್ಲಿ, ಟಾಟಾ ನೆಕ್ಸಾನ್ 2017ರಲ್ಲಿ, ಹ್ಯುಂಡೈ ವೆನ್ಯೂ ಮತ್ತು ಮಹೀಂದ್ರಾ ಎಕ್ಸ್‌ಯುವಿ300 2019ರಲ್ಲಿ, ಕಿಯಾ ಸೋನೆಟ್ 2020ರಲ್ಲಿ. ಎಲ್ಲದರ ಉದ್ದವೂ 4 ಮೀಟರಿನೊಳಗೆ. ಕಾರಣ ತೆರಿಗೆ. 4 ಮೀಟರಿನೊಳಗಿದ್ದು ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ದಾಟದಿದ್ದರೆ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ ಶೇ 18, ಮಿತಿ ದಾಟಿದರೆ ಶೇ 40. ಕೊಳ್ಳುವಾಗ ಬೆಲೆಯನ್ನಷ್ಟೇ ನೋಡುವವರಿಗೆ ಇದರ ಇನ್ನೊಂದು ಮುಖ ಕಾಣುವುದಿಲ್ಲ. ಆ ಮಿತಿಯೊಳಗೆ ಘಾಟಿ ಹತ್ತುವ ಶಕ್ತಿ ಬೇಕೆಂದರೆ ಮೂರು ಸಿಲಿಂಡರಿನ ಸಣ್ಣ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಬೇಕು. ಟರ್ಬೊ ಬಂತೆಂದರೆ ಎಂಜಿನ್ ಆಯಿಲ್‌ನ ಗುಣಮಟ್ಟ ಮತ್ತು ಅವಧಿಯಲ್ಲಿ ಸಡಿಲ ಬಿಡುವಂತಿಲ್ಲ.

ನಮ್ಮ ಮುಖ್ಯ ಮಾತು ಇಲ್ಲಿಂದಲೇ ಶುರು. ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಸರ್ವಿಸ್ ವೇಳಾಪಟ್ಟಿ ಸಾಮಾನ್ಯವಾಗಿ ಎರಡು ಇರುತ್ತದೆ. ಒಂದು ಎಲ್ಲರಿಗೂ ಗೊತ್ತಿರುವ, ವರ್ಷಕ್ಕೊಮ್ಮೆ ಅಥವಾ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಎನ್ನುವ ಪಟ್ಟಿ. ಅದರ ಹಿಂದಿನ ಪುಟಗಳಲ್ಲಿ ಇರುವುದು ಕಠಿಣ ಬಳಕೆಯ ಪಟ್ಟಿ. ಯಾವುದು ಕಠಿಣ ಬಳಕೆ ಎಂದು ಅಲ್ಲೇ ಬರೆದಿರುತ್ತಾರೆ: ಪದೇ ಪದೇ ಕೆಲವೇ ಕಿಲೋಮೀಟರ್ ಓಡಿ ನಿಲ್ಲುವುದು, ಧೂಳು ಮತ್ತು ಕೆಸರಿನ ರಸ್ತೆ, ಗುಡ್ಡಗಾಡಿನ ಏರಿಳಿತ, ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಓಡಿಸುವುದು. ತೋಟದ ಮನೆಯಿಂದ ಮಣ್ಣುರಸ್ತೆಯಲ್ಲಿ ಇಳಿದು ಆಲ್ದೂರಿಗೋ ಬಾಳೆಹೊನ್ನೂರಿಗೋ ಹೋಗಿ ವಾಪಸ್ ಬರುವ ಕಾರಿಗೆ ಇದರಲ್ಲಿ ಯಾವುದು ಅನ್ವಯಿಸುವುದಿಲ್ಲ ಹೇಳಿ? ಹೀಗಿದ್ದೂ ಸರ್ವಿಸ್ ಸೆಂಟರುಗಳಲ್ಲಿ ಬೆಂಗಳೂರಿನ ವರ್ತುಲ ರಸ್ತೆಯ ಕಾರಿಗೂ ಕೊಟ್ಟಿಗೆಹಾರದ ಕಾರಿಗೂ ಒಂದೇ ಪಟ್ಟಿ ಹಿಡಿಯುತ್ತಾರೆ. ಐದನೇ ವರ್ಷದ ಅಸಮಾಧಾನದಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಒಂದು ಉದಾಸೀನದಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಡೀಸೆಲ್ ಕಾರನ್ನೇ ತೆಗೆದುಕೊಳ್ಳಿ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಕೂತಿದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ನಿಂತಲ್ಲಿಯೇ ಎಂಜಿನ್ ಸ್ವಲ್ಪ ಜೋರಾಗಿ ಓಡುತ್ತದೆ, ಮುಂದಿನ ಫ್ಯಾನ್ ನಿಲ್ಲುವುದಿಲ್ಲ, ಕಾದ ವಾಸನೆ ಬರುತ್ತದೆ, ಮೀಟರಿನಲ್ಲಿ ಮೈಲೇಜ್ ತಟ್ಟನೆ ಇಳಿಯುತ್ತದೆ. ಇವು ಕಾಣಿಸಿದರೆ ಮನೆ ಬಂತೆಂದು ಕೀ ತಿರುಗಿಸಬಾರದು; ಇನ್ನೊಂದು ಸುತ್ತು ಓಡಿಸಿ ಮುಗಿಯಲು ಬಿಡಬೇಕು. ದಿನವೂ ಆರೇಳು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಈ ಕೆಲಸ ಪ್ರತಿಸಲ ಅರ್ಧಕ್ಕೇ ಕಡಿಯುತ್ತದೆ. ಮಸಿ ತುಂಬುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮಟ್ಟ ಮೇಲಿನ ಗುರುತು ದಾಟಿ, ಡೀಸೆಲ್ ವಾಸನೆ ಹೊಡೆದರೆ ಕಿಲೋಮೀಟರ್ ಎಷ್ಟೇ ಆಗಿರಲಿ ಆಯಿಲ್ ಬದಲಿಸಲೇಬೇಕು. ತೆಳುವಾದ ಆಯಿಲ್ ಮೊದಲು ತಿನ್ನುವುದು ಟರ್ಬೊದ ಬೇರಿಂಗನ್ನು.

ಪರಿಹಾರ ಕಷ್ಟವೇನಲ್ಲ. ವಾರಕ್ಕೊಮ್ಮೆಯಾದರೂ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ, ಗಂಟೆಗೆ 60 ಕಿಲೋಮೀಟರಿಗೆ ಕಡಿಮೆಯಾಗದ ವೇಗದಲ್ಲಿ, ಎಂಜಿನ್ 2,000 ಆರ್‌ಪಿಎಂ ಆಸುಪಾಸಿನಲ್ಲಿರುವ ಗೇರಿನಲ್ಲಿ ಓಡಿಸಬೇಕು. ಚಿಕ್ಕಮಗಳೂರಿನವರಿಗೆ ಕಡೂರು ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಘಾಟಿ ರಸ್ತೆಯಲ್ಲಿ ಆ ವೇಗ ಒಂದೇ ಸಮನೆ ಸಿಗುವುದಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ತೀರಾ ಕಡಿಮೆ ಇದ್ದರೆ ಹಲವು ಕಾರುಗಳು ಈ ಸುಡುವ ಕೆಲಸವನ್ನೇ ಆರಂಭಿಸುವುದಿಲ್ಲ, ಅದಕ್ಕೇ ಕಾಲು ಟ್ಯಾಂಕ್ ಯಾವಾಗಲೂ ಇರಲಿ. ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲೆ ಆಯಿಲಿನ ದರ್ಜೆ ಎಸಿಇಎ ಸಿ2 ಅಥವಾ ಸಿ3, ಕೈಪಿಡಿ ಯಾವುದನ್ನು ಹೇಳಿದೆಯೋ ಅದು, ಇದೆಯೇ ನೋಡಿ. ಮಸಿ ಸುಟ್ಟುಹೋಗುತ್ತದೆ, ಆಯಿಲಿನ ರಾಸಾಯನಿಕಗಳಿಂದ ಬರುವ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ. ಕಡಿಮೆ ಬೂದಿಯ ಆಯಿಲ್ ಕೇಳುವುದು ಇದೇ ಕಾರಣಕ್ಕೆ. ಹೊಗೆಯನ್ನು ಶುದ್ಧಿ ಮಾಡಲು ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕ್ ಇರುವ ಕಾರಾದರೆ ಇನ್ನೊಂದು ಎಚ್ಚರಿಕೆ: ಅದಕ್ಕೆ ಹಾಕುವುದು ಶೇ 32.5ರಷ್ಟು ಶುದ್ಧ ಯೂರಿಯಾ ಮತ್ತು ಖನಿಜ ತೆಗೆದ ನೀರಿನ ದ್ರಾವಣ. ತೋಟದ ಗೋದಾಮಿನಲ್ಲಿ ಗೊಬ್ಬರದ ಚೀಲ ಇದೆಯೆಂದು ಅದನ್ನು ಕರಗಿಸಿ ಹಾಕಿದರೆ ಸಿಂಪಡಿಸುವ ನಳಿಕೆ ಕಟ್ಟುತ್ತದೆ, ಮುಂದಿನ ಕೆಟಲಿಸ್ಟ್ ಹಾಳಾಗುತ್ತದೆ. ವಾರಂಟಿಯೂ ಹೋಗುತ್ತದೆ.

ದಿನದ ಓಟ ಹತ್ತು ಕಿಲೋಮೀಟರ್ ದಾಟದ ಮನೆಯವರು ಮೈಲೇಜಿನ ಆಸೆಗೆ ಡೀಸೆಲ್ ಕೊಳ್ಳಬೇಡಿ ಎಂದು ನಾವು ನೇರವಾಗಿ ಹೇಳುತ್ತೇವೆ. ತಿಂಗಳಿಗೆ ಹಲವು ಸಲ ಮಂಗಳೂರು, ಬೆಂಗಳೂರು ಓಡಾಟ ಇರುವವರಿಗೆ ಡೀಸೆಲ್ ಇಂದಿಗೂ ಒಳ್ಳೆಯದೇ. ತುಂಬಿದ ಕಾರನ್ನು ಶಿರಾಡಿ ಹತ್ತಿಸುವಾಗ ಅದರ ಎಳೆತದ ಬೆಲೆ ಗೊತ್ತಾಗುತ್ತದೆ.

ಪೆಟ್ರೋಲ್ ಕಾರಿನವರ ದೊಡ್ಡ ದೂರು ಮೈಲೇಜಿನದು. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20 ಎಥನಾಲ್. ಎಥನಾಲಿನ ಶಾಖಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಆದ್ದರಿಂದ ಮೈಲೇಜ್ ಒಂದಿಷ್ಟು ಇಳಿಯುವುದು ಕಾರಿನ ದೋಷವಲ್ಲ. 2023ರ ಏಪ್ರಿಲ್‌ಗಿಂತ ಮೊದಲಿನ, ಇ20ಕ್ಕೆ ಹೊಂದಿರದ ಸಾಧ್ಯತೆ ಇರುವ ಕಾರುಗಳ ಇಂಧನ ಕೊಳವೆಯ ರಬ್ಬರ್ ಮತ್ತು ಸೀಲುಗಳನ್ನು ಪ್ರತಿ ಸರ್ವಿಸಿನಲ್ಲೂ ನೋಡಿಸಿ. ಬಿರುಕು, ಜಿನುಗು, ಪೆಟ್ರೋಲ್ ವಾಸನೆ ಕಂಡರೆ ತಡ ಮಾಡಬೇಡಿ. ಎಥನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಕಾರಿನಲ್ಲಿ ತೇವದ ಗಾಳಿಗೆ ಜಾಗ ಉಳಿಯದಂತೆ ಟ್ಯಾಂಕ್ ತುಂಬಿರಲಿ. ಮೈಲೇಜನ್ನು ಮೀಟರಿನ ಪರದೆ ನೋಡಿ ನಂಬುವ ಬದಲು ಟ್ಯಾಂಕ್ ತುಂಬಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಭಾಗಿಸಿ ನೋಡುವುದೇ ಸರಿ.

ಇನ್ನು ಸದ್ದು. ನಲವತ್ತು ಐವತ್ತು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಕೆಳಗಿನಿಂದ ಬರುವ ಸದ್ದಿನಷ್ಟು ಮನಸ್ಸು ಕೆಡಿಸುವುದು ಬೇರೊಂದಿಲ್ಲ. ಎಲ್ಲ ಸದ್ದಿಗೂ ಶಾಕ್ ಅಬ್ಸಾರ್ಬರ್ ಬದಲಿಸಿ ಎನ್ನುವವರಿದ್ದಾರೆ. ಅದು ದುಬಾರಿ ಮದ್ದು, ಎಷ್ಟೋ ಸಲ ಬೇಕಿರುವುದಿಲ್ಲ. ಸದ್ದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಸಣ್ಣ ಸಣ್ಣ ಹೊಂಡಗಳ ಮೇಲೆ ನಿಧಾನವಾಗಿ ಹೋಗುವಾಗ ಮುಂದಿನಿಂದ ಲಟಲಟ ಎಂದರೆ ಲಿಂಕ್ ರಾಡ್. ಇದು ಕಡಿಮೆ ಖರ್ಚಿನ ಭಾಗ, ಎರಡೂ ಬದಿ ಒಟ್ಟಿಗೆ ಹಾಕಿಸಿ. ಬ್ರೇಕ್ ಒತ್ತುವಾಗ ಅಥವಾ ರಿವರ್ಸ್ ತೆಗೆಯುವಾಗ ಒಂದು ಸಲ ಧಡ್ ಎಂದರೆ ಲೋಯರ್ ಆರ್ಮ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಬಾನೆಟ್ ಕಡೆಯಿಂದ ಟೊಂಯ್ ಎಂದರೆ ಸ್ಟ್ರಟ್ ಮೌಂಟ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಅದರ ರಬ್ಬರ್ ಬೂಟ್ ಕಲ್ಲಿಗೆ ಹರಿದು, ಗ್ರೀಸ್ ಹೊರಹೋಗಿ, ಕೆಸರು ಒಳಸೇರಿ ಆಗುವ ಹಾನಿ ಇದು. ಬೂಟ್ ಹರಿದದ್ದು ಮೊದಲೇ ಕಂಡರೆ ಬೂಟ್ ಮತ್ತು ಗ್ರೀಸಿನಲ್ಲೇ ಮುಗಿಯುತ್ತದೆ, ತಡವಾದರೆ ಶಾಫ್ಟೇ ಹೋಗುತ್ತದೆ. ವೇಗಕ್ಕೆ ತಕ್ಕಂತೆ ಏರುವ ಗುಂಯ್ ಸದ್ದು ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಅನುಮಾನ ಎಡ ಚಕ್ರದ ಬೇರಿಂಗ್ ಮೇಲೆ. ತಿರುವಿನಲ್ಲಿ ಭಾರ ಹೊರಬದಿಗೆ ಹೋಗುತ್ತದೆ. ಶಾಕ್ ಅಬ್ಸಾರ್ಬರ್ ನಿಜಕ್ಕೂ ಹೋಗಿದ್ದರೆ ಅದರ ಮೈಮೇಲೆ ಎಣ್ಣೆ ಇಳಿದಿರುತ್ತದೆ, ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಣಿಯುತ್ತದೆ.

ನೆಲದಿಂದ ಎತ್ತರ ಇಷ್ಟು ಮಿಲಿಮೀಟರ್ ಎಂದು ಕೊಡುವ ಅಂಕಿ ಹೆಚ್ಚಾಗಿ ಖಾಲಿ ಕಾರಿನದು. ಐದು ಜನ ಕೂತು ಹಿಂದೆ ಸಾಮಾನು ತುಂಬಿದರೆ ಅದು ಗಣನೀಯವಾಗಿ ಇಳಿಯುತ್ತದೆ. ಕೊಳ್ಳುವ ಮುನ್ನ ಮನೆಮಂದಿಯನ್ನೆಲ್ಲ ಕೂರಿಸಿಯೇ ಟೆಸ್ಟ್ ಡ್ರೈವ್ ಮಾಡಿ. ಆಗಲೇ ಅಜ್ಜ ಅಜ್ಜಿಯರಿಗೆ ಹತ್ತಿ ಇಳಿಯುವುದು ಸಲೀಸೇ, ಹಿಂದಿನ ಸೀಟಿನ ನಡುವೆ ಕೂತವರ ಕಾಲಿಗೆ ನೆಲದ ಉಬ್ಬು ತೊಂದರೆ ಕೊಡುತ್ತದೆಯೇ ಎಂಬುದೂ ತಿಳಿಯುತ್ತದೆ. ವರ್ಷಗಳ ನಂತರವೂ ಮಾಲೀಕರು ಈ ಕಾರುಗಳನ್ನು ಮೆಚ್ಚಿ ಮಾತಾಡುವುದು ಮೊದಲಿಗೆ ಸೀಟಿನ ಎತ್ತರದ ಬಗ್ಗೆಯೇ: ಮಂಡಿ ನೋವಿನವರು ಬಗ್ಗದೆ ಕೂರಬಹುದು. ಸನ್‌ರೂಫ್ ಬಗ್ಗೆ ಆ ಮೆಚ್ಚುಗೆ ಉಳಿಯುವುದು ಕಡಿಮೆ.

ಸನ್‌ರೂಫ್ ಇರುವವರು ಮಾಡಬೇಕಾದ ಕೆಲಸವೊಂದಿದೆ. ಅದರ ಚೌಕಟ್ಟಿನ ಮೂಲೆಗಳಲ್ಲಿ ನೀರು ಇಳಿಯುವ ಸಣ್ಣ ಕೊಳವೆಗಳಿವೆ. ಸಿಲ್ವರ್ ಓಕ್ ಮರದಡಿ ನಿಲ್ಲುವ ಕಾರಿನಲ್ಲಿ ಎಲೆಯ ಚೂರು, ಹೂವಿನ ಕಸ ಸೇರಿ ಇವು ಕಟ್ಟುತ್ತವೆ. ಆಗ ನೀರು ಸೀಲಿಂಗಿಗೆ, ಕಂಬದೊಳಗಿನ ವೈರಿಗೆ, ಕಾರ್ಪೆಟ್ಟಿನ ಕೆಳಗೆ ಇಳಿಯುತ್ತದೆ. ವೈಪರಿನ ಕೆಳಗಿನ ತಗ್ಗಿಗೂ ಇದೇ ಮಾತು; ಅಲ್ಲಿ ಕಸ ಕಟ್ಟಿದರೆ ಎಸಿ ಬ್ಲೋವರ್ ಮೂಲಕ ನೀರು ಒಳಬರುತ್ತದೆ. ಮೇ ಕೊನೆಯಲ್ಲಿ, ಆರಿದ್ರಾ ಮಳೆ ಹಿಡಿಯುವ ಮೊದಲೇ, ಎರಡನ್ನೂ ಶುಚಿ ಮಾಡಿ ಲೋಟದಲ್ಲಿ ನೀರು ಬಿಟ್ಟು ಚಕ್ರದ ಬಳಿ ಇಳಿಯುತ್ತದೆಯೇ ನೋಡಿ. ಕೊಳವೆಗೆ ಜೋರು ಗಾಳಿ ಹೊಡೆಯಬೇಡಿ, ಒಳಗಿನ ಜೋಡಣೆ ಕಳಚಿಕೊಳ್ಳುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾವು ಯಾರ ಸಬೂಬನ್ನೂ ಒಪ್ಪುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಹವೆಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ. ನೀರು ಹೀರಿಕೊಂಡ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಚಾರ್ಮಾಡಿಯನ್ನು ಕಾಲು ಬ್ರೇಕಿನ ಮೇಲೆಯೇ ಇಟ್ಟು ಇಳಿದರೆ ಚಕ್ರದ ಬಳಿ ಬ್ರೇಕ್ ಒತ್ತುವ ಕ್ಯಾಲಿಪರ್‌ನಲ್ಲಿ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕು. ಡಬ್ಬಿಯಲ್ಲಿ ಮೇಲಿಂದ ತುಂಬಿಸಿದರೆ ಬದಲಿಸಿದಂತಲ್ಲ, ನಾಲ್ಕೂ ಚಕ್ರದಲ್ಲಿ ಹಳೆಯದನ್ನು ಹೊರಬಿಡಬೇಕು. ಇಳಿಯುವಾಗ ಹತ್ತುವ ಗೇರಿನಲ್ಲೇ, ಎರಡು ಅಥವಾ ಮೂರರಲ್ಲಿ, ಎಂಜಿನ್ ಹಿಡಿತದಲ್ಲಿ ಇಳಿಯಬೇಕು. ಆಟೊಮ್ಯಾಟಿಕ್ ಆದರೆ ಮ್ಯಾನುವಲ್ ಸ್ಥಾನಕ್ಕೆ ತಂದು ಗೇರ್ ಇಳಿಸಿ. ನ್ಯೂಟ್ರಲ್ ಮಾಡಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ತಪ್ಪು: ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಈಗಿನ ಎಂಜಿನ್ ಇಂಧನವನ್ನೇ ನಿಲ್ಲಿಸುತ್ತದೆ, ನ್ಯೂಟ್ರಲಿನಲ್ಲಿ ಉರಿಸುತ್ತಲೇ ಇರುತ್ತದೆ. ಮಳೆಯಲ್ಲಿ ನೆನೆದ ಕಾರನ್ನು ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಹಿಂದಿನ ಡ್ರಮ್ಮಿಗೆ ಶೂ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಆಟೊಮ್ಯಾಟಿಕ್ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನು ಮಾರುವವರು ವಿವರಿಸುವುದಿಲ್ಲ. ಎಎಂಟಿಯಲ್ಲಿ ಇರುವುದು ಮಾಮೂಲಿ ಕ್ಲಚ್ಚೇ, ಒತ್ತುವುದು ಮಾತ್ರ ಯಂತ್ರ. ಏರಿನಲ್ಲಿ ಆಕ್ಸಿಲರೇಟರಿನ ಮೇಲೆ ಕಾರನ್ನು ನಿಲ್ಲಿಸಿಕೊಂಡರೆ ಅದು ಹಾಫ್ ಕ್ಲಚ್ ಮಾಡಿದಂತೆಯೇ, ಪ್ಲೇಟ್ ಸುಡುತ್ತದೆ. ಒಣ ಕ್ಲಚ್ಚಿನ ಡಿಸಿಟಿಗೆ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್‌ಗೆ, ರಜಾದಿನಗಳ ಮುಳ್ಳಯ್ಯನಗಿರಿ ರಸ್ತೆಯ ಸಾಲು ದೊಡ್ಡ ಪರೀಕ್ಷೆ. ಇಂಚಿಂಚು ತೆವಳುವ ಬದಲು ಮುಂದೆ ಜಾಗವಾಗುವವರೆಗೆ ಬ್ರೇಕಿನಲ್ಲಿ ನಿಂತು ಒಂದೇ ಸಲ ಮುಂದೆ ಹೋಗಬೇಕು. ಏರಿನಲ್ಲಿ ನಿಂತು ಹೊರಡುವುದೇ ನಿತ್ಯದ ಕೆಲಸವಾದರೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದೇ ನಿಶ್ಚಿಂತೆ. ಮೈಲೇಜ್ ಸ್ವಲ್ಪ ಕಡಿಮೆಯಾದರೂ ನಮ್ಮ ಆಯ್ಕೆ ಅದೇ.

ಟೈರಿನ ಬದಿಯ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ: 2321 ಎಂದಿದ್ದರೆ 2021ರ 23ನೇ ವಾರ. ಟೈರಿನ ಹಲ್ಲಿನ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಆದರೂ ಇಲ್ಲಿಯ ಮಳೆಗೆ 3 ಮಿ.ಮೀ.ಗೇ ಬದಲಿಸುವುದು ಕ್ಷೇಮ. ವೈಪರ್ ರಬ್ಬರ್ ವರ್ಷಕ್ಕೊಮ್ಮೆ. ತಾನೇ ನಿಂತು ತಾನೇ ಚಾಲೂ ಆಗುವ ಎಂಜಿನ್ ಇದ್ದರೆ ಅದಕ್ಕೆಂದೇ ಬರುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯನ್ನೇ ಹಾಕಿಸಿ. ಮಾಮೂಲಿ ಬ್ಯಾಟರಿ ಬೇಗ ಸಾಯುತ್ತದೆ. ತಳಕ್ಕೆ ತುಕ್ಕು ತಡೆಯುವ ಲೇಪನ ಬೇಕಿದ್ದರೆ ಮಳೆ ಮುಗಿದು ಕಾರು ಪೂರ್ತಿ ಒಣಗಿದ ಮೇಲೆ ಬಳಿಸಿ; ಕೆಸರಿನ ಮೇಲೆ ಬಳಿದರೆ ತೇವ ಒಳಗೇ ಉಳಿದು ತುಕ್ಕು ಹೆಚ್ಚುತ್ತದೆ. ಬಾಗಿಲಿನ ಕೆಳಅಂಚಿನ ನೀರುತೂತುಗಳು ಮುಚ್ಚದಂತೆ ಎದುರಿಗೇ ನಿಂತು ನೋಡಿ. ಹಳ್ಳ ದಾಟುವಾಗ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನುಗ್ಗಿದ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಆ ಖರ್ಚು ಸಾಮಾನ್ಯವಾಗಿ ಮಾಲೀಕರ ತಲೆಗೇ ಬೀಳುತ್ತದೆ.

ದೂರು ಕೊಡುವ ರೀತಿಯೂ ಮುಖ್ಯ. ಸದ್ದು, ಸೋರಿಕೆ, ಪರದೆ ಕೆಡುವುದು, ಏನೇ ಇರಲಿ, ವಾರಂಟಿ ಮುಗಿಯುವ ಮೊದಲೇ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ‘ಇದು ನಾರ್ಮಲ್’ ಎಂದರೆ ಅದನ್ನೂ ಬರೆದುಕೊಡಲು ಹೇಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ನೋಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ: ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿನ ಪ್ರಕರಣ ಅಲ್ಲಿಗೆ ಬರುತ್ತದೆ, ದೂರು ಎರಡು ವರ್ಷದೊಳಗೆ ಕೊಡಬೇಕು. ಚಾಸಿಸ್ ಸಂಖ್ಯೆ ಹಾಕಿ ಕಂಪನಿಯ ಜಾಲತಾಣದಲ್ಲಿ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ಕಾರನ್ನು ವಾಪಸ್ ಕರೆಸುವುದು, ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಂತೂ ಮೊದಲು ಇದನ್ನೇ ನೋಡಬೇಕು. ಇಕೋಸ್ಪೋರ್ಟ್ ಕೊಳ್ಳುವವರಿಗೆ ಇನ್ನೊಂದು ಮಾತು: ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದು 2021ರಲ್ಲಿ, ಆದ್ದರಿಂದ ದೀಪ, ಬಂಪರ್, ಸೆನ್ಸರುಗಳು ಎಲ್ಲಿ, ಎಷ್ಟು ದಿನದಲ್ಲಿ ಸಿಗುತ್ತವೆ ಎಂದು ವಿಚಾರಿಸಿಯೇ ಮುಂಗಡ ಕೊಡಿ.

ಸಂಪಾದಕರಲ್ಲಿ ನಮ್ಮ ಕೋರಿಕೆ ಎರಡು. ಹೊಸ ಕಾರಿನ ಪರಿಚಯದ ಪಕ್ಕದಲ್ಲೇ ಅರವತ್ತು ಸಾವಿರ ಕಿಲೋಮೀಟರ್ ದಾಟಿದ ಒಂದು ಕಾರಿನ ವರದಿ ಹಾಕಿ: ಯಾವ ಭಾಗ ಎಷ್ಟು ಕಿಲೋಮೀಟರಿಗೆ ಹೋಯಿತು, ಖರ್ಚೆಷ್ಟು, ಭಾಗಕ್ಕಾಗಿ ಎಷ್ಟು ದಿನ ಕಾಯಬೇಕಾಯಿತು, ಅದೇ ಕಾರನ್ನು ಮತ್ತೆ ಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಮನೆಯವರ ಉತ್ತರವೇನು. ಎರಡನೆಯದಾಗಿ, ಚಿಕ್ಕಮಗಳೂರು ಮತ್ತು ಹಾಸನದ ಅಧಿಕೃತ ಸರ್ವಿಸ್ ಸೆಂಟರುಗಳನ್ನು ನಿಮ್ಮ ವರದಿಗಾರರು ಕೇಳಲಿ: ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದಿಂದ ಬರುವ ಕಾರುಗಳಿಗೆ ಕೈಪಿಡಿಯ ಕಠಿಣ ಬಳಕೆಯ ಪಟ್ಟಿಯನ್ನು ಹಿಡಿಯುತ್ತೀರಾ, ಇಲ್ಲವಾದರೆ ಯಾಕಿಲ್ಲ? ಅವರ ಉತ್ತರವನ್ನು ಅವರ ಮಾತಿನಲ್ಲೇ ಪ್ರಕಟಿಸಿ.

ಇಂತಿ,
ಕೆಲವು ಕಾರು ಮಾಲೀಕರು ಮತ್ತು ಮೆಕಾನಿಕ್‌ಗಳು
ಚಿಕ್ಕಮಗಳೂರು